ಏಳನೇ ಮಹಡಿಯ ಚಿಲಕ

ಜೀಲಾಂಗ್
ಗುರುವಾರ, ಆಗಸ್ಟ್ 14

ನನ್ನ ಮುದ್ದಿನ ಬ್ರಿಡಿ,

ಸೆಮಿಸಿ ಇವತ್ತು ಬೆಳಿಗ್ಗೆ ಆರೂಕಾಲಿಗೆ ತೀರಿಕೊಂಡ. ಅವನ ಹೆಂಡತಿ ಲೂಪೆ ಆಸ್ಪತ್ರೆಯಿಂದ ಫೋನ್ ಮಾಡಿ ತಿಳಿಸಿದಳು. ಬಿದ್ದು ಒಂಬತ್ತು ದಿನವಾಗಿತ್ತು. ಒಮ್ಮೆಯೂ ಕಣ್ಣು ತೆರೆಯಲಿಲ್ಲ. ನಿನಗೆ ಅವನ ನೆನಪಿರಬೇಕು. ಕ್ರಿಸ್‌ಮಸ್ ಊಟಕ್ಕೆ ಕೆಸುವಿನೆಲೆಯಲ್ಲಿ ಮಾಂಸ ಬೇಯಿಸಿ ತಂದು, ನೀನು ಎರಡನೇ ಸಲ ಬಡಿಸಿಕೊಳ್ಳುವವರೆಗೂ ಎದುರಿಗೇ ನಿಂತಿದ್ದನಲ್ಲ, ಅಟ್ಟಣಿಗೆ ಕಟ್ಟುವ ಟೋಂಗಾದ ಹುಡುಗ, ಅವನು.

ಏಳನೇ ಮಹಡಿಯಲ್ಲಿ ಸಾಮಾನಿನ ಲಿಫ್ಟಿನ ಗೇಟು ತಾನಾಗಿ ತೆರೆದುಕೊಂಡು ಅವನು ಕೆಳಗೆ ಬಿದ್ದ ಎಂದು ಪತ್ರಿಕೆಯವರು ಬರೆದಿದ್ದಾರೆ. ಅವರಿಗೆ ಗೊತ್ತಿಲ್ಲದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಮಾರ್ಚಿನಲ್ಲಿ ನೀನು ನಡೆಸಿದ ಕೆಲಸಗಾರರ ಸಮೀಕ್ಷೆಯಲ್ಲಿ ನಮ್ಮ ಕಟ್ಟಡದ ಸೈಟಿಗೆ ನೂರಕ್ಕೆ ಐವತ್ತನಾಲ್ಕು ಬಂದಾಗ ನೀನು ಬ್ರಿಸ್ಬೇನಿನಿಂದ ಫೋನ್ ಮಾಡಿದ್ದೆ. ಕೆಲಸಗಾರರು ಮನಸ್ಸಿಟ್ಟು ದುಡಿದರೆ ಕಂಪನಿ ಬೆಳೆಯುತ್ತದೆಂದು ತೋರಿಸಲು ನಿನ್ನನ್ನು ಮುಖ್ಯ ಕಚೇರಿಗೆ ನೇಮಿಸಿದ್ದಾರೆ, ಅಪ್ಪನ ಸೈಟೇ ಎಲ್ಲಕ್ಕಿಂತ ಕೆಳಗಿದ್ದರೆ ಮುಖ ಎಲ್ಲಿಡಲಿ ಎಂದೆ. "ನಿನ್ನ ಹುಡುಗ್ರಿಗೆ ಒಂದು ಮಾತು ಹೇಳಪ್ಪ" ಎಂದು ನಕ್ಕೆ. ನೀನು ತಮಾಷೆಗೆ ಅಂದದ್ದು. ನಾನು ತಮಾಷೆಯೆಂದುಕೊಳ್ಳಲಿಲ್ಲ.

ಬೆನ್ನು ಕೆಟ್ಟ ಮೇಲೆ ನನಗೆ ಸೈಟಿನವರು ‘ಪೆಗ್ಗಿ’ ಎನ್ನುವ ಶೆಡ್ಡಿನ ಚಾಕರಿ ಕೊಟ್ಟು ಹನ್ನೊಂದು ವರ್ಷವಾಯಿತು. ಊಟದ ಶೆಡ್ ಗುಡಿಸುತ್ತೇನೆ, ಚಹಾಕ್ಕೆ ನೀರು ಕಾಯಿಸುತ್ತೇನೆ. ಯಾರ ಹೆಂಡತಿ ಬಸುರಿ, ಯಾರ ಮೊಣಕಾಲು ನೋವು ಎಂಬುದೆಲ್ಲ ಮೊದಲು ತಿಳಿಯುವುದು ನನಗೇ. ಅದಕ್ಕೇ ಜುಲೈ ಹದಿನೆಂಟರಂದು ಸಮೀಕ್ಷೆಯ ಹಾಳೆ ಹಂಚಿ ವಾಪಸು ತರಲು ಮ್ಯಾನೇಜರ್ ನನ್ನನ್ನು ಹಿಡಿದ. ಹಾಳೆಗಳನ್ನು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟು, ಇದು ನನ್ನ ಮಗಳ ಕೆಲಸ, ಎಲ್ಲ ಸಾಲಿಗೂ ಐದಕ್ಕೆ ಐದು ಹಾಕಿ ಎಂದೆ.

"ಚಹಾ ಬರೀ ನೀರಿದ್ರೂ ಐದೇನಾ, ಡೆಸ್?" ಎಂದ ಕ್ರೇನ್ ಓಡಿಸುವ ಡೂಗಲ್.

"ನಿಂಗೆ ನಾಳೆಯಿಂದ ಆ ನೀರೂ ಇಲ್ಲ, ಹೋಗೋ."

ಎಲ್ಲರೂ ನಕ್ಕರು. ಐದು ಹಾಕಿದರು.

ಸೆಮಿಸಿ ಮಾತ್ರ ಹಾಕಲಿಲ್ಲ. ಅಪಾಯ ಹೇಳಿದರೆ ಸರಿಪಡಿಸುತ್ತಾರೆ ಎಂಬ ಸಾಲಿಗೆ ಒಂದು ಕೊಟ್ಟು, ಏಳನೇ ಮಹಡಿಯ ಗೇಟಿನ ಚಿಲಕ ನಿಲ್ಲುತ್ತಿಲ್ಲ, ಮೇಸ್ತ್ರಿಗೆ ಎರಡು ಸಲ ಹೇಳಿದ್ದೇನೆ ಎಂದು ಕೆಳಗೆ ಬರೆದಿದ್ದ. ನಾನು ಅವನನ್ನು ಸಿಂಕಿನ ಬಳಿ ಕರೆದು ಇನ್ನೊಂದು ಹಾಳೆ ಕೊಟ್ಟೆ.

"ಚಿಲಕದ ವಿಷ್ಯ ನಾನೇ ಮ್ಯಾನೇಜರ್‌ಗೆ ಹೇಳ್ತೀನಿ ಕಣೋ. ಇದ್ರಲ್ಲಿ ಬೇಡ."

"ಮಗಳಿಗೋಸ್ಕರನಾ, ಅಂಕಲ್?"

"ಹೂಂ."

"ಹಂಗಾದ್ರೆ ಕೊಡಿ ಪೆನ್ನು. ನಂಗೂ ಇಬ್ರು ಹೆಣ್ಮಕ್ಳಿದಾರೆ."

ಸೈಟಿಗೆ ತೊಂಬತ್ತೆರಡು ಬಂತು. ನಿನ್ನ ವರದಿಯನ್ನು ಶೆಡ್ಡಿನ ಗೋಡೆಗೆ ಅಂಟಿಸಿದರು. ಇಷ್ಟು ಹುರುಪಿನ ಸೈಟು ಮೂರು ವಾರ ಮೊದಲೇ ಕೆಲಸ ಮುಗಿಸಬಲ್ಲದೆಂದು ಮುಖ್ಯ ಕಚೇರಿ ತೀರ್ಮಾನಿಸಿತು. ಲಿಫ್ಟಿನ ತಪಾಸಣೆ ಮುಂದಕ್ಕೆ ಹೋಯಿತು, ಹಾಳೆಗಳಲ್ಲಿ ಯಾರೂ ದೂರು ಬರೆದಿರಲಿಲ್ಲವಲ್ಲ. ಹುಡುಗರು ಆ ಐದುಗಳನ್ನು ಕಂಪನಿಗೆ ಕೊಟ್ಟದ್ದಲ್ಲ ಬ್ರಿಡಿ, ನನಗೆ ಕೊಟ್ಟದ್ದು.

ಮ್ಯಾನೇಜರ್‌ಗೆ ಹೇಳಿದೆಯಾ ಎಂದು ನೀನು ಕೇಳುತ್ತೀಯ. ಸೋಮವಾರ ಹೇಳೋಣವೆಂದುಕೊಂಡಿದ್ದೆ. ಸೋಮವಾರವೇ ಅಂಕ ಬಂತು, ಅವನು ಶೆಡ್ಡಿಗೆ ಕೇಕ್ ತಂದ, ಮೊದಲ ತುಂಡು ನನಗೆ ಕೊಟ್ಟ. ನಾನು ಕೇಕ್ ತಿಂದೆ. ಹೇಳಲಿಲ್ಲ.

ಇವತ್ತು ಫೋನಿನಲ್ಲಿ ಲೂಪೆ ಕೇಳಿದಳು: "ಚಿಲಕ ಕೆಟ್ಟಿದೆ ಅಂತ ನಮ್ಮವ್ರು ಯಾರಿಗೂ ಹೇಳೇ ಇರ್ಲಿಲ್ವಂತೆ, ಆಫೀಸ್‌ನೋರು ಹಂಗಂತಾರೆ. ತಪ್ಪು ನಮ್ಮವ್ರದ್ದೇನಾ, ಡೆಸ್ ಅಂಕಲ್?" ಫೋನಿಟ್ಟು ಈ ಪತ್ರ ಬರೆಯಲು ಕೂತೆ.

ಇದು ಹೊರಗೆ ಬಂದರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದು. ಎರಡು ದಿನ ಅದನ್ನೇ ಯೋಚಿಸಿದೆ. ನನ್ನ ಮೇಲೆ ಸಿಟ್ಟಾಗು, ಆದರೆ ಊಟ ಬಿಡಬೇಡ.

ನಿನ್ನ ಅಪ್ಪ,
ಡೆಸ್

ತಾ.ಕ.: ಅವನ ಮೊದಲ ಹಾಳೆಯನ್ನು ನಾನು ಹರಿದಿರಲಿಲ್ಲ, ಸಕ್ಕರೆ ಡಬ್ಬಿಯ ಕೆಳಗೆ ಮಡಚಿಟ್ಟಿದ್ದೆ. ನಕಲು ಈ ಪತ್ರದ ಜೊತೆಗಿದೆ. ಮೂಲ ಹಾಳೆಯನ್ನು ಆಗಸ್ಟ್ 19, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅಪಘಾತದ ತನಿಖಾಧಿಕಾರಿಗೆ ಕೊಡುತ್ತೇನೆ.