ಮೈಕ್ ಸುಮ್ಮನಾದ ಶನಿವಾರ

ಭಾನುವಾರ, ಬೆಳಿಗ್ಗೆ

ನನ್ನ ಮಗಳ ಅಪ್ಪನವರಿಗೆ,

ಬೇರೆ ಹೇಗೆ ಕರೆಯಬೇಕೆಂದು ತೋಚಲಿಲ್ಲ. ಎರಡು ಬೀದಿ ಆಚೆ ಇರುವವರಿಗೆ ಪತ್ರ ಬರೆಯುವುದು ವಿಚಿತ್ರವೇ. ಆದರೆ ನಾನು ಬಾಯಿ ತೆರೆದರೆ ಊರಿಗೆಲ್ಲ ಕೇಳಿಸುತ್ತದೆ ಎಂದು ಮನೆ ಬಿಟ್ಟು ಹೋಗುವಾಗ ನೀವೇ ಹೇಳಿದ್ದಿರಿ. ಹಾಗಾಗಿ ಈ ಸಲ ಕಾಗದ.

ನಿನ್ನೆ ನೀವು ಮೈದಾನಕ್ಕೆ ಬಂದಿರಿ. ಅದಕ್ಕೆ ನಾನು ಋಣಿ. ಪ್ರತಿ ಪಂದ್ಯದ ವಿವರಣೆ ಕೊಡುವ ನನ್ನ ಮೈಕ್ ಯಾಕೆ ನಿಂತಿತು ಎಂದು ಕೇಳಿದಿರಿ, ಗಂಟಲು ಕಟ್ಟಿದೆ ಎಂದೆ. ಅದು ಸುಳ್ಳು. ನಡೆದದ್ದು ಬೇರೆ.

ನಮ್ಮ ಹಾಕಿ ತಂಡ ಈ ವರ್ಷ ಕೆಟ್ಟದಾಗಿಯೇನೂ ಆಡುತ್ತಿಲ್ಲ. ಬೇರೆ ಊರಿಗೆ ಹೋದರೆ ನೋಡಲು ಜನ ಮುಗಿಬೀಳುತ್ತಾರೆ. ನಮ್ಮದೇ ಮೈದಾನದಲ್ಲಿ ಆಡಿದರೆ ಮೆಟ್ಟಿಲುಗಳ ಮೇಲೆ ಕಾಗೆಗಳು ಕೂತಿರುತ್ತವೆ. ತಂಡದ ಮಾಲೀಕರು ಕಚೇರಿ ನೋಡಿಕೊಳ್ಳುವ ನಮ್ಮ ಮಗಳನ್ನು ಕರೆದು, ಇದೇ ಸ್ಥಿತಿ ಮುಂದುವರಿದರೆ ಬರುವ ವರ್ಷ ತಂಡವನ್ನು ದೊಡ್ಡ ನಗರಕ್ಕೆ ಒಯ್ಯುವುದಾಗಿ ತಿಳಿಸಿದರು. ಅವಳು ಮಾಡದ ಪ್ರಯತ್ನವಿಲ್ಲ. ಟಿಕೆಟ್ ದರ ಇಳಿಸಿದಳು, ಮೆಟ್ಟಿಲುಗಳಿಗೆ ನೆರಳು ಕಟ್ಟಿಸಿದಳು, ಪಂದ್ಯದ ಹೊತ್ತನ್ನು ಬದಲಿಸಿದಳು. ಬಂದವರು ಅದೇ ನಾಲ್ಕು ಜನ, ಅದರಲ್ಲಿ ಇಬ್ಬರು ಗೋಲ್‌ಕೀಪರನ ಅಣ್ಣಂದಿರು.

ಕಾರಣ ಸಿಕ್ಕಿದ್ದು ಹೋದ ತಿಂಗಳು. ಪಂದ್ಯ ನಡೆಯುತ್ತಿದ್ದಾಗಲೇ ಅವಳು ಮುಂದಿನ ಪಂದ್ಯದ ಪೋಸ್ಟರ್ ಅಂಟಿಸಲು ಪೇಟೆಗೆ ಹೋಗಿದ್ದಳು. ಬೇಕರಿಯ ಮುಂದೆ ಒಂದು ಗುಂಪು ಪೆನಾಲ್ಟಿ ಕಾರ್ನರ್ ಸರಿಯೋ ತಪ್ಪೋ ಎಂದು ಜಗಳವಾಡುತ್ತಿತ್ತು. ಮಾಳಿಗೆಗಳ ಮೇಲೆ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು. ಕ್ಷೌರದ ಅಂಗಡಿಯಲ್ಲಿ ಚೆಂಡು ಗೋಲಿನ ಹತ್ತಿರ ಬಂತೆಂದರೆ ಕತ್ತರಿ ನಿಲ್ಲುತ್ತಿತ್ತು. ಇಷ್ಟು ಆಸೆಯಿದ್ದವರು ಬಂದು ನೋಡಬಾರದೇ ಎಂದು ಅವಳು ಕೇಳಿದ್ದಕ್ಕೆ ಕ್ಷೌರಿಕ ಕೊಟ್ಟ ಉತ್ತರ ಹೀಗಿತ್ತಂತೆ: 'ಟಿಕೆಟ್ ಯಾಕಮ್ಮ, ನಿಮ್ಮಮ್ಮ ಇದ್ದಾರಲ್ಲ, ಮೈಕಲ್ಲಿ ಎಲ್ಲಾ ಇಲ್ಲಿಗೇ ಕೇಳ್ಸುತ್ತೆ. ಒಂದ್ಸಲ ಬಂದು ನೋಡಿದ್ದೆ ಕಣಮ್ಮ. ಅವರು ಹೇಳಿದಷ್ಟು ಚೆನ್ನಾಗಿರಲಿಲ್ಲ.'

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಹೇಳಿದಾಗ ಮೊದಲು ನನಗೆ ಹೆಮ್ಮೆಯೇ ಆಯಿತು. ಆಮೇಲೆ ಅವಳ ಮುಖ ನೋಡಿದೆ. 'ಅಮ್ಮ, ನೀನು ಆಟಾನ ಮನೆಮನೆಗೆ ತಲುಪಿಸ್ತಾ ಇದೀಯ. ಇಲ್ಲಿಗೆ ಯಾರು ಬರ್ತಾರೆ ಹೇಳು? ಗೋಲು ಹೊಡೆದೋರ ಹೆಸರಷ್ಟೇ ಹೇಳಿದ್ರೆ ಸಾಕಲ್ವಾ?' ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳ ಆಡಿ ಹಗುರಾಗುತ್ತಿದ್ದೆ.

ಯಾರು ಚೆಂಡು ತಂದರು, ಯಾರ ಕಾಲು ಜಾರಿತು, ಯಾವನು ಬೆವರು ಒರೆಸಿಕೊಂಡ, ಇದನ್ನೆಲ್ಲ ಹೇಳದೆ ಬರೀ ಗೋಲು ಹೊಡೆದವನ ಹೆಸರು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ನಿಮಗೆ ಗೊತ್ತೇ ಇದೆ. ನೀವು ಅಂಪೈರ್ ಆಗಿದ್ದಾಗ, ಹೊಡೆತ ವೃತ್ತದ ಹೊರಗಿನಿಂದ ಬಂತು, ಆದರೂ ಅಂಪೈರ್ ಗೋಲು ಕೊಟ್ಟರು ಎಂದು ನಾನು ಮೈಕಿನಲ್ಲಿ ಹೇಳಿಬಿಟ್ಟೆ. ಆ ವಾರವೇ ನೀವು ಸೀಟಿಯನ್ನು ಕ್ಲಬ್ಬಿಗೆ ಒಪ್ಪಿಸಿ, ಪೆಟ್ಟಿಗೆ ಎತ್ತಿಕೊಂಡು ನಿಮ್ಮ ಅಕ್ಕನ ಮನೆಗೆ ಹೋದಿರಿ. ಆ ಗೋಲಿನ ಬಗ್ಗೆ ನನ್ನ ಮಾತು ಇವತ್ತಿಗೂ ಅದೇ. ಅದು ಇರಲಿ.

ಹಾಗಿದ್ರೆ ಸುಮ್ಮನಿದ್ದು ನೋಡಮ್ಮ ಎಂದಳು ಮಗಳು. ನಿನ್ನೆ ಎರಡೂ ತಂಡಗಳಿಗೆ ಸ್ವಾಗತ ಹೇಳಿ ಮೈಕ್ ಆರಿಸಿದೆ. ಕೈಗೆ ಕೆಲಸವಿಲ್ಲದೆ ಮೇಜಿನ ಧೂಳು ಒರೆಸಿದೆ. ಮೈದಾನದಲ್ಲಿ ಸ್ಟಿಕ್ಕಿಗೆ ಸ್ಟಿಕ್ಕು ತಾಗುವ ಸದ್ದು ಕೇಳಿಸಿತು. ಇಷ್ಟು ವರ್ಷ ನನ್ನ ಧ್ವನಿಯ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು. ಒಬ್ಬ ಹುಡುಗ ಚೆಂಡನ್ನು ಮೂವರ ನಡುವಿನಿಂದ ದಾರದ ಹಾಗೆ ಎಳೆದುಕೊಂಡು ಹೋದ. ಹೇಳಲಾಗದೆ ಸೆರಗನ್ನು ಕಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಗಲಾಟೆ. ಮೊದಲು ಬಂದವನು ಕ್ಷೌರಿಕ, ಅವನ ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಗಿರಾಕಿ. ಮೈಕಿನ ಅಕ್ಕನಿಗೆ ಏನಾಯ್ತು, ಬಿದ್ದರಾ, ಆಸ್ಪತ್ರೆಗೆ ಹೋದರಾ ಎಂದು ಇಬ್ಬರೂ ಕೇಳುತ್ತಿದ್ದರಂತೆ. ನಮ್ಮ ಮಗಳು ಮುಖ ಗಂಟಿಕ್ಕಿ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಿ ಎಂದಳಂತೆ. ಬೇಕರಿಯವರು ಅಂಗಡಿಗೆ ಅರ್ಧ ಬಾಗಿಲು ಎಳೆದು ಬಂದರು. ಮಾಳಿಗೆಗಳೂ ಇಳಿದು ಬಂದವು ಎನ್ನಬೇಕು. ನಾನು ಕೂತಲ್ಲಿಂದಲೇ ಕೈ ಬೀಸಿದೆ. ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಅವರೆಲ್ಲ ಹೋಗಬಹುದಿತ್ತು. ಟಿಕೆಟ್ಟಿಗೆ ಕೊಟ್ಟ ದುಡ್ಡು ದಂಡವಾಗಬಾರದೆಂದೋ ಏನೋ, ಕೂತರು. ಕೂತವರು ಕೂಗಿದರು. ಒಂದು ಗೋಲಿನಿಂದ ಸೋತರೂ ಕೊನೆಯ ಸೀಟಿಯವರೆಗೆ ಯಾರೂ ಎದ್ದಿರಲಿಲ್ಲ. ನಮ್ಮ ಹುಡುಗರು ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಕಂಬಗಳಿಗೂ ಮುಗಿದರು.

ಆ ಗದ್ದಲದ ನಡುವೆ ನೀವು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅಪ್ಪ ಆದ್ರೇನು, ಟಿಕೆಟ್ ಟಿಕೆಟ್ಟೇ ಎಂದು ಮಗಳು ನಿಮ್ಮನ್ನೂ ಬಿಡಲಿಲ್ಲವೆಂದು ತಿಳಿಯಿತು. ನನ್ನ ಧ್ವನಿಯಿಂದ ಓಡಿಹೋದವರು ಅದು ನಿಂತಿತೆಂದು ಓಡಿ ಬಂದಿರಿ. ನಾನು ನಗಲಿಲ್ಲ, ಗಮನಿಸಿರಬಹುದು.

ರಾತ್ರಿ ಊಟಕ್ಕೆ ಕೂತಾಗ ಮಾಲೀಕರ ಫೋನ್ ಬಂತು. ಮುಂದಿನ ವರ್ಷವೂ ತಂಡ ಇಲ್ಲೇ ಇರುತ್ತದೆ. ಅದರ ಮುಂದಿನದು ಜನರ ಕೈಯಲ್ಲಿ. ಇನ್ನು ಮೇಲೆ ನಾನು ಹೇಳುವುದು ಗೋಲು ಹೊಡೆದವರ ಹೆಸರು ಮಾತ್ರ. ಒಪ್ಪಿಕೊಂಡಿದ್ದೇನೆ. ಕ್ಷೌರಿಕನಿಗೂ ಬೇಕರಿಯವರಿಗೂ ಗೇಟಿನ ಹತ್ತಿರವೇ ಧನ್ಯವಾದ ಹೇಳಿದೆ. ಬರೆದು ಹೇಳಬೇಕು ಅನ್ನಿಸಿದ್ದು ನಿಮಗೊಬ್ಬರಿಗೇ.

ಕೃತಜ್ಞತೆಯಿಂದ,
ನಿಮ್ಮ ಮಗಳ ಅಮ್ಮ

ಮರೆತ ಮಾತು: ಮಗಳು ಸುಮ್ಮನಿರು ಎಂದದ್ದು ವಿರಾಮದವರೆಗೆ ಮಾತ್ರ. ಜನ ಬಂದಾಯಿತು, ಇವತ್ತೊಂದು ದಿನ ಮಾತಾಡಮ್ಮ ಎಂದು ಅವಳೇ ಬಂದು ಮೈಕ್ ಹಾಕಲು ಕೈ ಚಾಚಿದಳು. ನಾನು ಬೇಡವೆಂದೆ. ಅಷ್ಟರಲ್ಲಿ ನೀವು ನನ್ನ ಕಡೆ ಬಾಗಿ, ಚೆಂಡು ಈಗ ಯಾರ ಹತ್ತಿರ ಇದೆ, ನನಗೆ ಸರಿಯಾಗಿ ಕಾಣೋದಿಲ್ಲ ಎಂದು ಮೆಲ್ಲಗೆ ಕೇಳಿದ್ದಿರಿ. ಉಳಿದ ಆಟವನ್ನೆಲ್ಲ ನಿಮ್ಮ ಕಿವಿಗೆ ಮಾತ್ರ ಹೇಳಿದೆನಲ್ಲ. ಬರುವ ಶನಿವಾರವೂ ನನ್ನ ಪಕ್ಕದಲ್ಲಿ ನೀವು ಕೂತಿದ್ದ ಆ ಕುರ್ಚಿ ಅಲ್ಲೇ ಇರುತ್ತದೆ.