ಮುದ್ದಮ್ಮನ ಹಲ್ಲು

ಹೊಳಲು
ತಾ. ೯-೭-೧೯೪೪

ಪ್ರೀತಿಯ ತಮ್ಮ ತಿಮ್ಮಯ್ಯನಿಗೆ,

ನಿನ್ನ ಅಕ್ಕ ಚಲುವಮ್ಮನ ಆಶೀರ್ವಾದ. ನೀನಿರುವ ಊರಿನ ಹೆಸರು ಬರೆಯಕೂಡದೆಂದು ನಿಮ್ಮ ದಂಡಿನವರ ಅಪ್ಪಣೆಯಂತೆ. ಹಾಗಾಗಿ ನೀನು ಬಿಸಿಲಲ್ಲಿದ್ದೀಯೋ ಮಳೆಯಲ್ಲಿದ್ದೀಯೋ ನನಗೆ ತಿಳಿಯದು. ಎಲ್ಲಿದ್ದರೂ ನಿನ್ನ ಲಾರಿಯ ಚಕ್ರ ನೆಟ್ಟಗೆ ಉರುಳುತ್ತಿರಲಿ. ಇಷ್ಟು ತಿಂಗಳು ಅಕ್ಕ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬರೆದರೆ ಸುಳ್ಳು ಬರೆಯಬೇಕಿತ್ತು. ಅದು ನನ್ನ ಕೈಲಾಗಲಿಲ್ಲ.

ಅಪ್ಪ ಮೇಷ್ಟ್ರ ಕೈಲಿ ಬರೆಸಿ ಹಾಕಿದ ಕಾಗದಗಳು ನಿನಗೆ ಸೇರಿರಬೇಕು. ಎಲ್ಲರೂ ಕ್ಷೇಮ, ಮುದ್ದಮ್ಮ ತವರಿಗೆ ಹೋಗಿದ್ದಾಳೆ, ಕಬ್ಬು ಚೆನ್ನಾಗಿದೆ ಎಂದು. ಕಬ್ಬು ಚೆನ್ನಾಗಿರುವುದು ನಿಜ. ಉಳಿದದ್ದು ನಿಜವಲ್ಲ. ಹತ್ತಿರ ಯಾರಾದರೂ ಗೆಳೆಯರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಕ್ಕೆ ಓದು, ತಮ್ಮ. ನಿನ್ನ ಮುದ್ದಮ್ಮ ಇಲ್ಲ. ಮಾಘದಲ್ಲಿ ತೀರಿಕೊಂಡಳು.

ಇದನ್ನು ನಿನಗೆ ತಿಳಿಸಕೂಡದೆಂದು ಅಪ್ಪ ನನ್ನ ಬಾಯಿ ಕಟ್ಟಿದ್ದರು. "ಯುದ್ದದಾಗವ್ನೆ ಕಣಮ್ಮಿ. ಎದೆ ಒಡ್ಕಂಡು ಲಾರಿಯ ಎಲ್ಲಿಗ್ ನುಗ್ಗಿಸ್ತಾನೋ ಏನೋ. ಬಂದ್ಮೇಲೆ ಏಳುದ್ರಾಯ್ತು ಬುಡು" ಅಂದರು. ನಾನೂ ಆ ಮಾತಿಗೆ ಹೆದರಿ ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ. ಈ ಕಾಗದವನ್ನು ನಡುವೆ ಯಾರೋ ಒಡೆದು ಓದುತ್ತಾರಂತೆ. ಓದಲಿ.

ದೀಪಾವಳಿಯ ಹೊತ್ತಿಗೆ ನೀನು ಬರೆದದ್ದು ನೆನಪಿದೆಯೆ? ದಂಡಿನಲ್ಲಿ ಹಲ್ಲಿಗೆಂದೇ ಒಬ್ಬ ಡಾಕ್ಟರಿದ್ದಾನೆ, ನೋವಿರಲಿ ಬಿಡಲಿ ಆಗಾಗ ಎಲ್ಲರ ಬಾಯನ್ನೂ ತೆರೆಸಿ ನೋಡುತ್ತಾನೆ, ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟಿದ ಪಾಚಿಯನ್ನು ಕೆರೆದು ತೆಗೆಯುತ್ತಾನೆ ಎಂದು ಬರೆದಿದ್ದೆ. ಒಸಡಿನಲ್ಲಿ ರಕ್ತ ಬರುವುದು ಮುಂದೆ ಬರುವ ಕೇಡಿನ ಸುಳಿವಂತೆ, ಮುದ್ದಮ್ಮನಿಗೆ ಬರುತ್ತಿತ್ತಲ್ಲ, ಮೈಸೂರಿನಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ನೋವು ಬರುವ ಮೊದಲೇ ಒಮ್ಮೆ ತೋರಿಸಿಬಿಡಿ ಎಂದೂ ಬರೆದಿದ್ದೆ.

ಅದನ್ನು ನಾನು ಜಗಲಿಯ ಮೇಲೆ ಓದಿದಾಗ ಮುದ್ದಮ್ಮ ಬಾಗಿಲ ಹಿಂದೆ ನಿಂತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಅಷ್ಟು ದೂರ್ದಿಂದ್ಲೂ ನನ್ನ ಅಲ್ಲು ಕಂಡ್ಬುಟ್ವಾ ಅಕ್ಕ ಅವ್ರಿಗೆ? ಅಂಗಾದ್ರೆ ಓಗಾನ ಕಣಕ್ಕ" ಅಂದಳು. ಇದ್ದಿಲು ಪುಡಿಯಲ್ಲಿ ಹಲ್ಲುಜ್ಜಿ ಉಗಿದರೆ ಬಚ್ಚಲ ಕಲ್ಲು ಕೆಂಪಾಗುತ್ತಿತ್ತು. ಯಾರೂ ನೋಡಬಾರದೆಂದು ಬೇಗ ಬೇಗ ನೀರು ಸುರಿಯುವಳು.

ಅಪ್ಪನನ್ನು ಕೇಳಿದೆ. ನಕ್ಕುಬಿಟ್ಟರು. "ಅಲ್ಲು ತೊಳ್ಯಾಕೂ ಡಾಕ್ಟ್ರಾ? ಬೇವಿನ್ಕಡ್ಡಿ ಸತ್ತೋಗದಾ ಊರಲ್ಲಿ?" ಕಾರ್ತಿಕ ಕಳೆಯಲಿ ಎಂದರು, ಕುಯ್ಲು ಮುಗಿಯಲಿ ಎಂದರು. ಅಪ್ಪನ ಸ್ವಭಾವ ನಿನಗೆ ಗೊತ್ತು. ಬೇಡ ಎನ್ನುವುದಿಲ್ಲ, ಆಗಲಿ ಎನ್ನುವುದೂ ಇಲ್ಲ.

ಸಂಕ್ರಾಂತಿ ಮುಗಿದ ಮೇಲೆ ನಾನೇ ಧೈರ್ಯ ಮಾಡಿದೆ. ನಿನ್ನ ಭಾವ ಮದ್ದೂರು ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದಾಗ ನಾನೆಷ್ಟು ರೈಲು ಕಂಡಿಲ್ಲ! ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಇಬ್ಬರೂ ಮಂಡ್ಯದವರೆಗೆ ನಡೆದೆವು. ಅವಳು ಮದುವೆಯ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ, ಡಾಕ್ಟರು ಬಾಯಿ ತೆರೆ ಅಂದರೆ ಎಷ್ಟಗಲ ತೆರೆಯಬೇಕು ಎಂದು ಕೇಳಿ ಕೇಳಿ ನಗಿಸಿದಳು. ಟಿಕೀಟು ಕೊಂಡು ರೈಲಿಗೆ ಕಾಯುತ್ತ ನಿಂತಿದ್ದೆವು. ಅಷ್ಟರಲ್ಲಿ ಅಪ್ಪ ಗಾಡಿ ಹೊಡೆದುಕೊಂಡು ಬಂದರು. ಊರಿನವರು ಯಾರೋ ಸುದ್ದಿ ಮುಟ್ಟಿಸಿದ್ದರು.

"ಎಲ್ಲಿಗ್ ಒಂಟ್ರಿ ಇಬ್ರೂವೆ?"

"ಮೈಸೂರ್ಗೆ ಕಣಪ್ಪ. ತಿಮ್ಮಯ್ಯ ಬರ್ದಿದ್ನಲ್ಲ. ತೋರಿಸ್ಕಂಡು ಸಂಜೆ ರೈಲ್ಗೆ ಬಂದ್ಬುಡ್ತೀವಿ" ಅಂದೆ.

ಅಪ್ಪ ಮುದ್ದಮ್ಮನ ಕಡೆ ತಿರುಗಿದರು. "ನೋಯ್ತದಾ?"

"ಇಲ್ಲ ಮಾವ. ರಕ್ತ ಬತ್ತದೆ, ಅಷ್ಟೆಯ."

"ನೋವಿಲ್ದೆ ಡಾಕ್ಟ್ರತ್ರ ಯಾವಳ್ ಓದಾಳು? ಆಲೆಮನೇಲಿ ಆಳುಗಳು ಅಸ್ಕಂಡ್ ಕುಂತವ್ರೆ, ಇಟ್ಟು ಬೇಯ್ಸೋರ್ ಯಾರು? ಈ ಕೆಂಪಸಿದ್ದಯ್ಯನ ಸೊಸೆ ಬಾಯೊಳ್ಗೆ ಪರಗಂಡ್ಸು ಕೈ ಇಕ್ದ ಅಂದ್ರೆ ಊರೋರು ಮಕಕ್ಕ್ ಉಗೀತಾರೆ. ಅತ್ತಿ ಗಾಡಿಯ."

ಜನ ಸುತ್ತ ನಿಂತು ನೋಡುತ್ತಿದ್ದರು. ನಾನು ವಾದ ಮಾಡಿದೆ, ಕೈ ಮುಗಿದೆ. ಮುದ್ದಮ್ಮ ತಲೆ ತಗ್ಗಿಸಿಕೊಂಡು ಹೋಗಿ ಗಾಡಿ ಹತ್ತಿದಳು. ರೈಲು ಬಂತು, ಹೋಯಿತು. ಮುದ್ದಮ್ಮ ಮನೆಗೆ ಬಂದವಳೇ ಸೀರೆ ಬದಲಿಸಿ ಆಲೆಮನೆಗೆ ಹೋಗಿ ಒಲೆ ಹಚ್ಚಿದಳು.

ಮಾಘದಲ್ಲಿ ಬಲಗಡೆಯ ದವಡೆ ಊದಿತು. ಲವಂಗ ಇಟ್ಟಳು, ಉಪ್ಪಿನ ಶಾಖ ಕೊಟ್ಟೆ. ಮತ್ತೆ ಮೈಸೂರಿನ ಮಾತೆತ್ತಿದರೆ ಅಪ್ಪ ಹಲ್ಲು ಕೀಳುವ ಲಿಂಗಯ್ಯನನ್ನು ಕರೆಸಿದರು. ಅವನು ಚಿಮಟ ಹಾಕಿ ಎಳೆದ. ಮೇಲಿನ ಅರ್ಧ ಮುರಿದು ಬಂತು, ಬೇರು ಒಳಗೇ ಉಳಿಯಿತು. ಅವಳು ಕಂಬ ಹಿಡಿದುಕೊಂಡಿದ್ದಳು, ತಮ್ಮ. ಕೂಗಲಿಲ್ಲ. ಮಾವ ಎದುರಿಗಿದ್ದಾರೆಂದು.

ಮಾರನೆಯ ದಿನದಿಂದ ಊತ ಗಲ್ಲದ ಕೆಳಗೆ ಇಳಿದು ಕೊರಳನ್ನೆಲ್ಲ ಹಿಡಿಯಿತು. ಬಾಯಿ ತೆರೆಯಲಾಗದು. ಗಂಜಿ ಕುಡಿಸಿದರೆ ಹೊರಗೇ ಬರುತ್ತಿತ್ತು. ಜ್ವರ ಸುಡುತ್ತಿತ್ತು. ಉಸಿರು ಎಳೆಯುವ ಸದ್ದು ಹಿತ್ತಲಿಗೂ ಕೇಳಿಸತೊಡಗಿದ ಮೇಲೆ ಅಪ್ಪ ಗಾಡಿ ಕಟ್ಟಿಸಿದರು. ಮಂಡ್ಯದ ಆಸ್ಪತ್ರೆಯ ಡಾಕ್ಟರು ನೋಡಿದೊಡನೆಯೇ ತಲೆಯಾಡಿಸಿದರು. ಕೀವು ಕೊರಳಿಗೆ ಇಳಿದಿದೆಯಮ್ಮ, ಹುಳುಕು ಸಣ್ಣದಿದ್ದಾಗ ಯಾರಾದರೂ ನೋಡಿದ್ದರೆ ಕಾಲು ಗಂಟೆಯ ಕೆಲಸವಾಗಿತ್ತು ಅಂದರು. ಇದಕ್ಕೊಂದು ಹೊಸ ಔಷಧಿ ಬಂದಿದೆಯಂತೆ, ಆದರೆ ಅದು ದಂಡಿನವರಿಗೆ ಮಾತ್ರವಂತೆ, ನಮ್ಮಂಥವರಿಗೆ ಇನ್ನೂ ಸಿಗದಂತೆ. ನಿನ್ನ ಹೆಸರು ಹೇಳಿ, ಇವಳ ಗಂಡ ದಂಡಿನಲ್ಲೇ ಇದ್ದಾನೆ ಸ್ವಾಮಿ ಅಂದೆ. ಡಾಕ್ಟರು ನನ್ನ ಭುಜ ತಟ್ಟಿ ಹೋದರು. ಮಧ್ಯಾಹ್ನಕ್ಕೆ ಮುಂಚೆ ಉಸಿರು ನಿಂತಿತು. ನನ್ನ ಕೈ ಹಿಡಿದುಕೊಂಡೇ ಹೋದಳು.

ಈಗ ಆಷಾಢದ ಗಾಳಿ ಎದ್ದಿದೆ. ನಾಲೆಗೆ ನೀರು ಬಿಟ್ಟಿದ್ದಾರೆ, ಭತ್ತದ ಸಸಿಗೆ ಒಟ್ಲು ಹಾಕಿದ್ದೇವೆ. ಸೀಮೆಎಣ್ಣೆ ಸಿಗುತ್ತಿಲ್ಲ, ಹಗಲಲ್ಲೇ ಎಲ್ಲ ಮುಗಿಸುತ್ತೇವೆ. ನೀನು ದಂಡಿಗೆ ಹೋದ ವರ್ಷ ಹುಟ್ಟಿದ ಎಮ್ಮೆಕರು ಗಬ್ಬವಾಗಿದೆ. ಇಂಥವನ್ನೂ ಬರೆಯಬೇಕಲ್ಲ, ಬರೆಯುತ್ತಿದ್ದೇನೆ.

ಅಪ್ಪನ ಸುದ್ದಿ ಕೇಳು. ಯುಗಾದಿ ಕಳೆದ ಮೇಲೆ ಅವರ ದವಡೆ ಹಲ್ಲು ನೋಯತೊಡಗಿತು. ಒಂದೇ ಒಂದು ರಾತ್ರಿ ನೋಯಿತು. ಬೆಳಗಾಗುತ್ತಲೇ ಮೈಸೂರಿನ ರೈಲು ಹತ್ತಿದರು! ಲಿಂಗಯ್ಯನ ನೆನಪಾಗಲಿಲ್ಲ. ಬೇವಿನಕಡ್ಡಿಯ ನೆನಪಾಗಲಿಲ್ಲ. ಡಾಕ್ಟರು ಹುಳುಕನ್ನು ಕೊರೆದು ತುಂಬಿ, ಎಲೆಅಡಿಕೆಯ ಕರೆಯನ್ನೆಲ್ಲ ಕೆರೆದು ಬೆಳ್ಳಗೆ ಮಾಡಿ ಕಳಿಸಿದರು. ಹೋದ ವಾರ ಮತ್ತೆ ಹೋಗಿ ಬಂದರು. ನೋವಿರಲಿಲ್ಲ, ಆದರೂ ಹೋದರು. ಡಾಕ್ಟರು ಆಗಾಗ ಬರಲು ಹೇಳಿದ್ದಾರಂತೆ. ಬರುವಾಗ ಬ್ರಷ್ಷು, ಹಲ್ಲುಪುಡಿಯ ಡಬ್ಬಿ ತಂದಿದ್ದಾರೆ.

ಈಗ ಸಂಜೆಯಾದರೆ ಜಗಲಿಯಲ್ಲಿ ಅದೇ ಉಪದೇಶ. "ಅಲ್ಲು ನೋಯೋಗಂಟ ಕಾಯ್ಬಾರ್ದು ಕಣ್ರಲಾ. ನೋವು ಬಂತು ಅಂದ್ರೆ ತಡ ಆಯ್ತು ಅಂತ್ಲೇ ಅರ್ತ. ನೋವಿಲ್ದಾಗ್ಲೇ ಓಗಿ ತೋರುಸ್ಬುಡ್ಬೇಕು, ತೊಳುಸ್ಬುಡ್ಬೇಕು." ನೀನು ಬರೆದ ಮಾತುಗಳೇ. ಊರಿನವರು ತಲೆದೂಗುತ್ತಾರೆ. ಪಕ್ಕದ ಮನೆಯ ಶಿವಣ್ಣನಂತೂ ಮುಂದಿನ ಸಲ ನಾನೂ ಜೊತೆಗೆ ಬರುತ್ತೇನೆ ಎಂದಿದ್ದಾನೆ. ಒಬ್ಬನೂ ಮುಖಕ್ಕೆ ಉಗಿಯಲಿಲ್ಲ. ಒಳಗೆ ರಾಗಿ ಬೀಸುತ್ತ ನಾನು ಕೇಳಿಸಿಕೊಳ್ಳುತ್ತೇನೆ. ಅಪ್ಪ ಹೇಳುವುದರಲ್ಲಿ ಒಂದಕ್ಷರವೂ ತಪ್ಪಿಲ್ಲವಲ್ಲ, ಅದೇ ನನಗೆ ತಡೆಯಲಾಗದ ಸಂಕಟ.

ತಮ್ಮ, ನೀನು ದುಃಖದಲ್ಲಿ ಮೈ ಮರೆಯಬೇಡ. ಹೊಟ್ಟೆಗೆ ಉಣ್ಣು. ನಿಮ್ಮ ದಂಡಿನ ಹಲ್ಲಿನ ಡಾಕ್ಟರು ಕರೆದಾಗ ತಪ್ಪಿಸಿಕೊಳ್ಳದೆ ಹೋಗು. ಅವಳೇ ಇಲ್ಲವಾದ ಮೇಲೆ ಯಾಕೆ ಎಂದು ಅನ್ನಿಸಬಹುದು. ಆದರೂ ಹೋಗು. ಯುದ್ಧ ಮುಗಿದು, ಕೈಕಾಲು ಪೂರಾ ಇಟ್ಟುಕೊಂಡು, ಹೋದ ಹಾಗೆಯೇ ನಮ್ಮ ಬಾಗಿಲಿಗೆ ಬಾ. ಮನೆಯ ದೇವರು ನಿನ್ನ ಬೆನ್ನಿಗಿರಲಿ.

ಇತಿ ನಿನ್ನ ಅಕ್ಕ,
ಚಲುವಮ್ಮ

ತಾ.ಕ.: ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಬರೆದೆ ಎಂಬುದನ್ನು ಹೇಳದೆ ಕಾಗದ ಮಡಿಸಲು ಮನಸ್ಸು ಬರುತ್ತಿಲ್ಲ. ಹೋದ ಸೋಮವಾರ ಮುದ್ದಮ್ಮನ ತಾಯಿ ದೊಡ್ಡತಾಯಮ್ಮ ಶಿವಪುರದಿಂದ ಬಂದಿದ್ದಳು. ಅಪ್ಪ ಅವಳೆದುರಿಗೆ, "ನಿನ್ ಮಗಳ್ಗೆ ಏಳಿ ಏಳಿ ಸಾಕಾಯ್ತು ಕಣಮ್ಮ. ಮಗ ಕಾಗ್ದ ಬರ್ದ, ನಾನೇ ಗಾಡಿ ಕಟ್ಸಿ ನಿಲ್ಲುಸ್ದೆ. ಬರಾಕಿಲ್ಲ ಅಂತ ಅಟ ಇಡುದ್ಲು" ಅಂದರು. ಸುಳ್ಳು ಎಂದು ನಾನು ಕೂಗಿದೆ. "ಗಂಡನ್ನ ತಿಂದ್ಕಂಡ್ ಬಂದೋಳು, ಇವಳ್ ಮಾತ್ಗೆ ಬೆಲೆ ಏನು" ಅಂದರು. ದೊಡ್ಡತಾಯಮ್ಮ ಅಪ್ಪನ ಮಾತನ್ನೇ ನಂಬಿದಳು. ಮಗಳನ್ನು ಮಣ್ಣು ಮಾಡಿದ ಹೊಲದ ಕಡೆ ತಿರುಗಿ, "ಅಟಮಾರಿ, ಮಾವ ಗಾಡಿ ಕಟ್ಸುದ್ರೂ ಓಗ್ನಿಲ್ವಲ್ಲೇ. ನಿನ್ನ ನೀನೇ ಕೊಂದ್ಕಂಡೆ. ನಿಂಗೋಸ್ಕರ ನಾನ್ ಅಳಾಕಿಲ್ಲ ಕಣೇ, ಓಗು" ಅಂದಳು. ಆ ಹೊಲಕ್ಕೆ ಕಾಲಿಡಲಿಲ್ಲ, ನೀರೂ ಕುಡಿಯಲಿಲ್ಲ, ಹೊರಟುಹೋದಳು. ನಾನು ಊರ ಬಾಗಿಲವರೆಗೂ ಹಿಂದೆ ಹೋದೆ, ತಿರುಗಿ ನೋಡಲಿಲ್ಲ. ಅಳಿಯ ಹೇಳಿದರೆ ಮಾತ್ರ ನಂಬಿಯಾಳು. ನಿನ್ನ ಕೈಯಾರೆ ಅವಳಿಗೊಂದು ಕಾಗದ ಬರೆ, ತಿಮ್ಮಯ್ಯ. ನಾನೇ ಶಿವಪುರಕ್ಕೆ ಹೋಗಿ ಓದಿ ಹೇಳುತ್ತೇನೆ. ಆ ತಾಯಿ ತನ್ನ ಮಗಳಿಗಾಗಿ ಒಂದು ಸಲವಾದರೂ ಅಳಲಿ.