ಬೂದಿ ಹಾಕಿ ತಿಕ್ಕಿದ ಹೆಡ್‌ಲೈಟು

ಅಮ್ಮಾ,

ನೀನು ತೀರಿಕೊಂಡು ಐದು ತಿಂಗಳಾದರೂ ನಿನ್ನ ದೆಸೆಯಿಂದ ಇವತ್ತು ಬಂಗಾರಪೇಟೆಯ ಗ್ಯಾರೇಜಿನಲ್ಲಿ ಜಗಳ ಆಡಿ ಬಂದೆ. ಮಾಡಿದ್ದು ನೀನು, ಅನ್ನಿಸಿಕೊಂಡದ್ದು ನಾನು!

ಕಾರಿನ ಹೆಡ್‌ಲೈಟು ಮಬ್ಬಾಗಿದೆ ಎಂದು ತೋರಿಸಿದೆ. ಗ್ಯಾರೇಜಿನ ಚಲಪತಿ ಅದರ ಮೇಲೆ ಬೆರಳಾಡಿಸಿ, "ಯಾವ ತಲೆಕೆಟ್ಟೋರು ಇದನ್ನ ತಿಕ್ಕಿದ್ದು? ಪ್ಲಾಸ್ಟಿಕ್ಕು ಕಣಕ್ಕಾ, ಇತ್ತಾಳೆ ಅಲ್ಲ" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

"ನಮ್ಮಮ್ಮ ತಿಕ್ಕಿದ್ದು! ಶುಕ್ರವಾರ ದೇವರ ದೀಪದ ಜೊತೆ ಇದಕ್ಕೂ ಉಣಸೆಣ್ಣು, ಬೂದಿ ಆಕಿ ತೊಳೀತಿದ್ಲು. ಮಗಳು ಓಡ್ಸೋ ಗಾಡಿ, ದೀಪ ಮಂಕಾಗಬಾರ್ದು ಅಂತ. ನಿನ್ನ ಕೆಲಸ ನೀನು ನೋಡ್ಕೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವನು ನೀರು ಬಿಟ್ಟು, ತರಿತರಿಯಾದ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿದ. ನಿನ್ನ ಕೈಯ ಸುತ್ತುಸುತ್ತು ಗೀರುಗಳಲ್ಲಿ ಒಂದೂ ಉಳಿಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆ ಗೀರು ಕಂಡ ದಿನ ನಿನ್ನನ್ನು ತಲೆಕೆಟ್ಟೋಳು ಎಂದು ಮೊದಲು ಅಂದವಳು ನಾನೇ ಎಂದು ಅವನಿಗೇನು ಗೊತ್ತು? ಅವತ್ತಿನಿಂದ ನೀನು ನನ್ನ ಕಾರು ಮುಟ್ಟಲಿಲ್ಲ. ಎದೆನೋವು ಬಂದ ದಿನವೂ ನೀನು ನನಗೆ ಹೇಳದೆ ನಮ್ಮ ಬೂದಿಕೋಟೆಯಿಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ.

ಕಾರು ಬಾಗಿಲಲ್ಲೇ ನಿಂತಿತ್ತಲ್ಲಮ್ಮಾ.

ಅಂಬಿಕ